ಲೈಫ್‌ಟೈಮ್ ಫಿಶಿಂಗ್ ಲೈಸೆನ್ಸ್ ತಗೋಬೇಕಾ? ಟೆಕ್ಸಾಸಿನ ಲೆಕ್ಕ, ಶೆಟ್ಟಿಕೆರೆಯ ನೀರು

ಒಂದೇ ಸಲ ದುಡ್ಡು ಕಟ್ಟಿಬಿಟ್ಟರೆ ಇರೋವರೆಗೂ ಮೀನು ಹಿಡಿಯಬಹುದು ಅಂದರೆ ನೀವು ತಗೋತೀರಾ? ಕೇಳೋಕೆ ಚೆನ್ನಾಗೇ ಇದೆ. ಪ್ರತಿ ವರ್ಷ ರಿನ್ಯೂ ಮಾಡಿಸೋ ತಲೆನೋವಿಲ್ಲ, ದರ ಏರುತ್ತೆ ಅನ್ನೋ ಭಯ ಇಲ್ಲ. ಆದರೆ "ಲೈಫ್‌ಟೈಮ್" ಅಂತ ಬರೆದಿರೋದನ್ನೆಲ್ಲ ಕಣ್ಣು ಮುಚ್ಚಿಕೊಂಡು ತಗೊಳ್ಳೋದು ಒಳ್ಳೆಯದಲ್ಲ. ಮೊದಲು ಲೆಕ್ಕ ಹಾಕಬೇಕು.

ಈ ಪ್ರಶ್ನೆ ನಮ್ಮ ಮುಂದೆ ಎರಡು ಕಡೆಯಿಂದ ಬಂತು. ಒಂದು, ಎಂ.ಎಸ್. ಮುಗಿಸಿ ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಸೇರಿರೋ ನಮ್ಮ ಸೀನಿಯರ್ ಒಬ್ಬರಿಂದ. ಅಲ್ಲಿ ಲೈಫ್‌ಟೈಮ್ ಫಿಶಿಂಗ್ ಲೈಸೆನ್ಸ್ ಸಿಗುತ್ತೆ, ತಗೊಳ್ಳೋದಾ ಬಿಡೋದಾ ಅಂತ ಕೇಳಿದ್ದರು. ಇನ್ನೊಂದು, ನಮ್ಮ ಕ್ಲಬ್ಬಿನ ಗೆಳೆಯನ ಚಿಕ್ಕಪ್ಪನಿಂದ. ಅವರ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹತ್ತಿರ. ಊರ ಪಕ್ಕದ ಸಣ್ಣ ಕೆರೆಯ ಮೀನು ಹರಾಜಿಗೆ ಬರ್ತಿದೆ, ಕೊಬ್ಬರಿ ಮಾರಿದ ದುಡ್ಡು ಕೈಯಲ್ಲಿದೆ, ಕೂಗಬೇಕಾ ಬೇಡವಾ ಅನ್ನೋದು ಅವರ ಪ್ರಶ್ನೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತೆ: ಮುಂಚೆ ದುಡ್ಡು, ಆಮೇಲೆ ಮೀನು. ಲೆಕ್ಕಕ್ಕೆ ಕೂತಾಗ ಎಲ್ಲಿ ಬೇರೆ ಆಗುತ್ತೆ ಅಂತ ಗೊತ್ತಾಯ್ತು. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೀವಿ.

ಮೊದಲು ಟೆಕ್ಸಾಸ್

ಟೆಕ್ಸಾಸ್‌ನಲ್ಲಿ ಹವ್ಯಾಸಕ್ಕೆ ಗಾಳ ಹಾಕಬೇಕಾದರೂ ಲೈಸೆನ್ಸ್ ಬೇಕು. ಆ ರಾಜ್ಯದ ನಿವಾಸಿಗೆ ಕೆರೆ, ಹೊಳೆಗಳಂಥ ಸಿಹಿನೀರಿನಲ್ಲಿ ಮಾತ್ರ ಹಿಡಿಯೋಕೆ ವರ್ಷಕ್ಕೆ 30 ಡಾಲರ್, ಸಮುದ್ರವೂ ಸೇರಿದರೆ 40 ಡಾಲರ್. ಲೈಫ್‌ಟೈಮ್ ಬೇಕು ಅಂದರೆ ಒಂದೇ ಸಲ 1,000 ಡಾಲರ್. 17 ವರ್ಷದೊಳಗಿನವರಿಗೆ ಲೈಸೆನ್ಸೇ ಬೇಡ, 65 ದಾಟಿದವರಿಗೆ ವಾರ್ಷಿಕ ದರ ಕಡಿಮೆ.

ಎಲ್ಲರೂ ಮೊದಲು ಮಾಡೋದು ಸುಮ್ಮನೆ ಭಾಗಾಕಾರ. 1,000 ಭಾಗಿಸು 40 ಅಂದರೆ 25 ವರ್ಷ. ಅಂದಮೇಲೆ 26ನೇ ವರ್ಷದಿಂದ ಫ್ರೀ! ಆದರೆ ಈ ಲೆಕ್ಕದಲ್ಲಿ ಬಡ್ಡಿ ಎಲ್ಲಿ ಹೋಯ್ತು? ಅದೇ 1,000 ಡಾಲರನ್ನು ಶೇ. 4ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ವರ್ಷಕ್ಕೆ 40 ಡಾಲರ್ ಬರುತ್ತೆ. ಅದರಲ್ಲಿ ಪ್ರತಿ ವರ್ಷದ ಲೈಸೆನ್ಸ್ ತಗೋಬಹುದು, ಅಸಲು ಹಾಗೇ ಇರುತ್ತೆ. ಸಿಹಿನೀರಿನ ಲೈಸೆನ್ಸ್ ಸಾಕು ಅನ್ನೋರಿಗೆ ಶೇ. 3ರ ಬಡ್ಡಿಯೇ ಸಾಕು. ಅಂದರೆ ವಾರ್ಷಿಕ ದರ ಯಾವತ್ತೂ ಏರಲ್ಲ ಅಂದುಕೊಂಡರೆ ಲೈಫ್‌ಟೈಮ್ ತಗೊಂಡವರಿಗೆ ನಷ್ಟ.

ದರ ಏರೇ ಏರುತ್ತೆ ಅಂತೀರಾ? ಸರಿ. ಬಡ್ಡಿ ಶೇ. 5, ದರ ವರ್ಷಕ್ಕೆ ಶೇ. 2ರಂತೆ ಏರುತ್ತೆ ಅಂತ ಇಟ್ಟುಕೊಳ್ಳೋಣ. ನಮ್ಮ ವಯಸ್ಸಿನವರು, ಅಂದರೆ 19ರಿಂದ 65ರವರೆಗೆ, 46 ವರ್ಷ ಬಿಡದೆ ಲೈಸೆನ್ಸ್ ತಗೊಂಡರೆ ಅಷ್ಟೂ ವರ್ಷದ ಶುಲ್ಕದ ಇವತ್ತಿನ ಬೆಲೆ ಎಷ್ಟು? ಫಸ್ಟ್ ಇಯರ್ ಮ್ಯಾಥ್ಸ್‌ನ ಜಿಯೋಮೆಟ್ರಿಕ್ ಸೀರೀಸ್ ಸಾಕು. ಪ್ರತಿ ವರ್ಷದ ಶುಲ್ಕ ಹಿಂದಿನ ವರ್ಷದ 1.02 ಪಟ್ಟು, ಅದನ್ನ ಇವತ್ತಿನ ಬೆಲೆಗೆ ಇಳಿಸೋಕೆ 1.05ರಿಂದ ಭಾಗಿಸಬೇಕು. ಕೂಡಿದರೆ ಸಿಹಿನೀರಿನ ಲೈಸೆನ್ಸಿಗೆ ಸುಮಾರು 773 ಡಾಲರ್, ಸಮುದ್ರವೂ ಸೇರಿದ್ದಕ್ಕೆ ಸುಮಾರು 1,031 ಡಾಲರ್ ಬರುತ್ತೆ.

ಈಗ ಚಿತ್ರ ಸ್ಪಷ್ಟ ಆಯ್ತು. ಬರೀ ಕೆರೆಯಲ್ಲಿ ಗಾಳ ಹಾಕೋರಿಗೆ 1,000 ಜಾಸ್ತಿ ಆಯ್ತು. ಕೆರೆ, ಸಮುದ್ರ ಎರಡಕ್ಕೂ ಹೋಗೋರಿಗೆ ಕೂದಲೆಳೆಯ ಲಾಭ. ಆದರೆ ಆ ಲಾಭಕ್ಕೂ ಒಂದು ಷರತ್ತಿದೆ: 46 ವರ್ಷದಲ್ಲಿ ಒಂದು ವರ್ಷವೂ ತಪ್ಪಿಸಬಾರದು. ವಾರ್ಷಿಕ ಲೈಸೆನ್ಸಿನ ದೊಡ್ಡ ಅನುಕೂಲ ಏನಂದ್ರೆ, ಹೋಗದಿದ್ದ ವರ್ಷ ದುಡ್ಡು ಕಟ್ಟೋ ಹಾಗಿಲ್ಲ. ಪಾಪು ಹುಟ್ಟಿದ ವರ್ಷ, ಊರಿಗೆ ಬಂದ ವರ್ಷ, ಬೇರೆ ರಾಜ್ಯಕ್ಕೆ ಕೆಲಸ ಬದಲಾದ ವರ್ಷ, ಎಲ್ಲ ಕಳೀಬೇಕು. ವರ್ಷ ಬಿಟ್ಟು ವರ್ಷ ಹೋಗೋರಿಗೆ 1,031 ಅನ್ನೋದು ಸುಮಾರು ಅರ್ಧಕ್ಕೆ ಇಳಿಯುತ್ತೆ. ಹಾಗಾಗಿ ಸೀನಿಯರ್‌ಗೆ ನಾವು ಹೇಳಿದ್ದು ಇಷ್ಟೇ: ನೀವು ಎಷ್ಟು ವರ್ಷ ಬದುಕ್ತೀರಿ ಅಂತ ಯೋಚಿಸಬೇಡಿ, ಎಷ್ಟು ವರ್ಷ ನಿಜವಾಗ್ಲೂ ಗಾಳ ಹಿಡೀತೀರಿ ಅಂತ ಎಣಿಸಿ.

ಯಾರ ಲೈಫ್, ಯಾವ ಟೈಮ್?

ಇನ್ನೊಂದು ವಿಷಯ. "ಲೈಫ್‌ಟೈಮ್" ಅಂದಾಗ ಯಾರ ಜೀವಮಾನ ಅಂತ ಕೇಳಲೇಬೇಕು. ನಾವು ಬೈಕ್ ತಗೊಂಡಾಗ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ತೀವಲ್ಲ, ಅಲ್ಲಿ ಲೈಫ್ ನಮ್ಮದಲ್ಲ, ಬೈಕಿಂದು. ಅದೇ ಬೈಕನ್ನು ಬೇರೆ ರಾಜ್ಯದಲ್ಲಿ ನೋಂದಾಯಿಸಿದರೆ ಅಲ್ಲಿ ಮತ್ತೆ ಟ್ಯಾಕ್ಸ್. 2005ರ ಕೊನೆಯಲ್ಲಿ ಮೊಬೈಲ್ ಕಂಪನಿಗಳು 999 ರೂಪಾಯಿಗೆ ಲೈಫ್‌ಟೈಮ್ ಪ್ರೀಪೇಯ್ಡ್ ಮಾರಿದ್ದು ಅಪ್ಪ ಅಮ್ಮಂದಿರಿಗೆ ನೆನಪಿರುತ್ತೆ. ಅಲ್ಲಿ ಲೈಫ್ ಅಂದರೆ ಕಂಪನಿಗೆ ಸರ್ಕಾರ ಕೊಟ್ಟ ಲೈಸೆನ್ಸಿನ ಅವಧಿ. 2018ರ ಕೊನೆಗೆ 28 ದಿನಕ್ಕೆ 35 ರೂಪಾಯಿಯ ಮಿನಿಮಮ್ ರೀಚಾರ್ಜ್ ಬಂದಾಗ ಎಷ್ಟೋ ಜನರಿಗೆ ಲೈಫ್‌ಟೈಮ್ ಮುಗಿದದ್ದು ಗೊತ್ತಾಯ್ತು.

ಮೀನಿನ ವಿಷಯದಲ್ಲೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕಾವೇರಿ ತೀರದ ಭೀಮೇಶ್ವರಿಗೆ ಮಹಶೀರ್ ಮೀನಿಗೆ ಗಾಳ ಹಾಕೋಕೆ ಅಂತಲೇ ದೇಶ ವಿದೇಶದಿಂದ ಜನ ಬರ್ತಿದ್ದರು. ಹಿಡಿದು, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡೋರು. ಆ ಜಾಗ ವನ್ಯಜೀವಿ ಧಾಮದೊಳಗಿದೆ ಅನ್ನೋ ಕಾರಣಕ್ಕೆ ಅಲ್ಲಿ ಗಾಳ ಹಾಕೋದು ನಿಂತುಹೋಯ್ತು. ಅಂಥ ಕಡೆಗೆ ಯಾರಾದ್ರೂ ಲೈಫ್‌ಟೈಮ್ ಲೈಸೆನ್ಸ್ ತಗೊಂಡಿದ್ದರೆ? ಮೀನೂ ಇರುತ್ತೆ, ನೀರೂ ಇರುತ್ತೆ, ಲೈಸೆನ್ಸ್ ಮಾತ್ರ ಬೀರುವಿನಲ್ಲಿರುತ್ತೆ.

ಶೆಟ್ಟಿಕೆರೆ ಕಡೆಯ ಲೆಕ್ಕ

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ನಮ್ಮ ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಹೆಸರಿನ ಒಂದು ಕಾಯ್ದೆಯೇ ಇದೆ. ಜಲಾಶಯಗಳಲ್ಲಿ ಮೀನುಗಾರರಿಗೆ ಲೈಸೆನ್ಸ್ ಕೊಡೋ ಪದ್ಧತಿ ಇದ್ದರೆ, ಕೆರೆಗಳಲ್ಲಿ ಗುತ್ತಿಗೆ ಪದ್ಧತಿ. ದೊಡ್ಡ ಕೆರೆ ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಸಣ್ಣ ಕೆರೆ ಗ್ರಾಮ ಪಂಚಾಯಿತಿ ಕೈಯಲ್ಲಿ. ಹರಾಜಿನ ನೋಟಿಸಿನಲ್ಲಿ "ಮೀನು ಪಾಶುವಾರು ಹಕ್ಕು" ಅಂತ ಬರೆದಿರ್ತಾರಲ್ಲ, ಅದೇ ಇದು. ಸಾಮಾನ್ಯವಾಗಿ 5 ವರ್ಷದ ಅವಧಿ. ಲೈಫ್‌ಟೈಮ್ ಅನ್ನೋದು ಇಲ್ಲವೇ ಇಲ್ಲ.

ಟೆಕ್ಸಾಸಿಗೂ ಇದಕ್ಕೂ ಮೊದಲ ವ್ಯತ್ಯಾಸ ಇಲ್ಲೇ ಇದೆ. ಅಲ್ಲಿ ಸಿಗೋದು ಸಾವಿರಾರು ಜನರ ಜೊತೆ ನೀನೂ ಹಿಡಿ ಅನ್ನೋ ಅನುಮತಿ. ಇಲ್ಲಿ ಸಿಗೋದು ಇಡೀ ಕೆರೆಯ ಮೀನು ನಿಂದೇ ಅನ್ನೋ ಹಕ್ಕು. ಮೊದಲನೆಯದನ್ನ ಜೀವನಪೂರ್ತಿ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಎರಡನೆಯದನ್ನ ಹಾಗೆ ಕೊಟ್ಟರೆ ಊರಿನ ಉಳಿದವರಿಗೆ, ಮುಂದಿನ ತಲೆಮಾರಿಗೆ ಬಾಗಿಲು ಮುಚ್ಚಿದ ಹಾಗೆ. 5 ವರ್ಷಕ್ಕೊಮ್ಮೆ ಮತ್ತೆ ಹರಾಜಾದರೆ ಪಂಚಾಯಿತಿಗೂ ಆದಾಯ, ಬೇರೆಯವರಿಗೂ ಅವಕಾಶ.

ಎರಡನೇ ವ್ಯತ್ಯಾಸ ನೀರು. ಗುತ್ತಿಗೆದಾರ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದು ಬಿಡಬೇಕು. ಮರಿ ದಪ್ಪ ಆಗಿ ಸುಮಾರು ಒಂದು ಕೆಜಿ ತೂಗೋಕೆ ಒಂದು ವರ್ಷದಷ್ಟು ನೀರು ನಿಂತಿರಬೇಕು. ಮಧ್ಯದಲ್ಲೇ ಕೆರೆ ಬತ್ತಿದರೆ ಮರಿಗೆ ಹಾಕಿದ ದುಡ್ಡು ಕೆಸರಿಗೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೆರೆಗಳ ಹಣೆಬರಹ ಎರಡು ಥರ. ಗೊರೂರಿನ ಹೇಮಾವತಿ ಜಲಾಶಯದಿಂದ ನಾಲೆಯಲ್ಲಿ ನೀರು ಬರೋ ಕೆರೆ ಒಂದು ಥರ, ಬರೀ ಮಳೆ ನಂಬಿದ ಕೆರೆ ಇನ್ನೊಂದು ಥರ. ಜೊತೆಗೆ ಗುತ್ತಿಗೆ ಕೊಟ್ಟಿರೋದು ಮೀನಿಗೆ, ನೀರಿಗಲ್ಲ. ಬೇಸಿಗೆಯಲ್ಲಿ ತೆಂಗು ಒಣಗ್ತಿದೆ ಅಂತ ತೂಬು ಎತ್ತಿದರೆ ನನ್ನ ಮೀನಿಗೆ ನೀರು ಬಿಡಿ ಅಂತ ಊರಿನವರ ಹತ್ತಿರ ಜಗಳ ಆಡೋಕಾಗುತ್ತಾ?

ಈಗ ಅಂಕಿ ಇಡೋಣ. ಇವು ಲೆಕ್ಕಕ್ಕೆ ಅಂತ ಚಿಕ್ಕಪ್ಪ ಕೊಟ್ಟ ಅಂದಾಜು, ನಿಮ್ಮ ಕೆರೆಗೆ ನಿಮ್ಮ ಅಂಕಿ ಹಾಕಿಕೊಳ್ಳಿ. 5 ವರ್ಷದ ಗುತ್ತಿಗೆಗೆ ಒಟ್ಟು 1 ಲಕ್ಷ. ನೀರಿರೋ ವರ್ಷ ಮರಿ, ಕೂಲಿ, ಬಲೆ ಎಲ್ಲ ಕಳೆದು ಕೈಗೆ ಉಳಿಯೋದು 50 ಸಾವಿರ. ಕೆರೆ ಬತ್ತಿದ ವರ್ಷ ಮರಿಯ ದುಡ್ಡು 10 ಸಾವಿರ ನಷ್ಟ. ಐದರಲ್ಲಿ ನೀರಿನ ವರ್ಷ ಎಷ್ಟು ಅನ್ನೋದರ ಮೇಲೆ ಎಲ್ಲ ನಿಂತಿದೆ:

ನೀರು 2 ವರ್ಷ ಇದ್ದರೆ: ಬಂದದ್ದು 1 ಲಕ್ಷ, ಮರಿ ನಷ್ಟ 30 ಸಾವಿರ, ಗುತ್ತಿಗೆ 1 ಲಕ್ಷ. ಒಟ್ಟು 30 ಸಾವಿರ ನಷ್ಟ.

ನೀರು 3 ವರ್ಷ ಇದ್ದರೆ: ಬಂದದ್ದು ಒಂದೂವರೆ ಲಕ್ಷ, ಮರಿ ನಷ್ಟ 20 ಸಾವಿರ, ಗುತ್ತಿಗೆ 1 ಲಕ್ಷ. 30 ಸಾವಿರ ಲಾಭ.

ನೀರು 4 ವರ್ಷ ಇದ್ದರೆ: 90 ಸಾವಿರ ಲಾಭ.

ಒಂದೇ ಒಂದು ಮಳೆಗಾಲದ ವ್ಯತ್ಯಾಸಕ್ಕೆ 60 ಸಾವಿರ ಆಚೆ ಈಚೆ ಆಗುತ್ತೆ. ಬಡ್ಡಿ ದರ ಶೇ. 5 ಇರಲಿ, 7 ಇರಲಿ, ಇದರ ಮುಂದೆ ಅದು ಚಿಲ್ಲರೆ. ಟೆಕ್ಸಾಸ್ ಲೆಕ್ಕದಲ್ಲಿ ರಾಜ ಬಡ್ಡಿ, ಶೆಟ್ಟಿಕೆರೆ ಲೆಕ್ಕದಲ್ಲಿ ರಾಜ ಮಳೆ.

"ಲೆಕ್ಕ ಸರಿ ಕಣ್ರಪ್ಪ, ಎಷ್ಟು ವರ್ಷ ನೀರಿರುತ್ತೆ ಅಂತ ನಿಮ್ಮ ಫಾರ್ಮುಲಾ ಹೇಳುತ್ತಾ?" ಅಂತ ಚಿಕ್ಕಪ್ಪ ಫೋನಿನಲ್ಲಿ ನಕ್ಕರು. ಹೇಳಲ್ಲ. ಆದರೆ ಊರಿನ ಹಿರಿಯರು ಹೇಳ್ತಾರೆ. ಕೆರೆ ಯಾವ ವರ್ಷ ಕೋಡಿ ಬಿತ್ತು, ಯಾವ ಬೇಸಿಗೆಯಲ್ಲಿ ಹುಡುಗರು ಕೆರೆಯಂಗಳದಲ್ಲೇ ಕ್ರಿಕೆಟ್ ಆಡಿದರು ಅನ್ನೋದು ಯಾರೂ ಮರೆಯಲ್ಲ. ಕಳೆದ 10 ವರ್ಷ ಎಣಿಸಿ ಅಂತ ಹೇಳಿದ್ವಿ. ಎರಡು ದಿನ ಬಿಟ್ಟು ಉತ್ತರ ಬಂತು: ಹತ್ತರಲ್ಲಿ ನಾಲ್ಕು ವರ್ಷ ಬೇಸಿಗೆವರೆಗೂ ನೀರು ನಿಂತಿತ್ತು. ಅಂದರೆ ಐದಕ್ಕೆ ಎರಡು.

ಇಲ್ಲಿ ಒಂದು ಎಚ್ಚರಿಕೆ. ಸರಾಸರಿ ಎರಡು ಅಂದರೆ ಪ್ರತಿ ಐದು ವರ್ಷಕ್ಕೂ ಎರಡು ಬಂದೇ ಬರುತ್ತೆ ಅಂತಲ್ಲ. ನಾಣ್ಯ ಚಿಮ್ಮಿದ ಹಾಗೆ ಒಂದೊಂದು ವರ್ಷವೂ ಬೇರೆ ಬೇರೆ ಅಂತಾನೂ ಅಲ್ಲ. ಒಮ್ಮೆ ಕೆರೆ ತುಂಬಿದರೆ ಮುಂದಿನ ವರ್ಷಕ್ಕೂ ಸ್ವಲ್ಪ ನೀರು ಉಳಿಯುತ್ತೆ, ಬರ ಬಂದರೆ ಸಾಲಾಗಿ ಎರಡು ಮೂರು ವರ್ಷ ಬರುತ್ತೆ. ಅದಕ್ಕೇ ಹರಾಜಿನ ದಿನ ಕೆರೆಯಲ್ಲಿ ನೀರೆಷ್ಟಿದೆ ಅಂತ ನೋಡೋದು ಯಾವ ಫಾರ್ಮುಲಾಗಿಂತ ಮುಖ್ಯ.

ಹಾಗಾದ್ರೆ ಕೂಗಲೇಬಾರದಾ? ಕೂಗಬಹುದು, ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಎರಡು ವರ್ಷ ನೀರು ಅಂದರೆ 1 ಲಕ್ಷ ಬರುತ್ತೆ, ಮರಿ ನಷ್ಟ 30 ಸಾವಿರ ಹೋಗುತ್ತೆ, ಉಳಿಯೋದು 70 ಸಾವಿರ. ಅಷ್ಟಕ್ಕೇ ಕೂಗಿದರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಅದರ ಮೇಲೆ ಕೂಗೋ ಪ್ರತಿ ರೂಪಾಯಿಯೂ ಮಳೆ ಮೇಲೆ ಕಟ್ಟಿದ ಜೂಜು.

ತೆಂಗಿನ ಸೀಮೆಯವರಿಗೆ ಲೈಫ್‌ಟೈಮ್ ಲೆಕ್ಕ ಹೊಸದೇನಲ್ಲ. ಸಸಿ ನೆಟ್ಟು ಆರೇಳು ವರ್ಷ ಕಾದು, ಆಮೇಲೆ ಮಕ್ಕಳ ಕಾಲದವರೆಗೂ ಕಾಯಿ ಕೀಳೋರು ಅವರು. ಅಷ್ಟು ದೂರದ ಯೋಚನೆ ಇರೋರೂ ತೋಟ ಮಾಡೋ ಮೊದಲು ನೋಡೋದು ನೀರನ್ನೇ. ಲೈಸೆನ್ಸಿಗೂ ಅದೇ ಬುದ್ಧಿ ಸಾಕು. ಯಾವುದೇ "ಲೈಫ್‌ಟೈಮ್" ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿ: ಇದು ಯಾರ ಜೀವಮಾನ? ಅದರಲ್ಲಿ ನಿಜವಾಗ್ಲೂ ಉಪಯೋಗ ಆಗೋ ವರ್ಷ ಎಷ್ಟು? ಮಧ್ಯದಲ್ಲಿ ನಿಯಮ ಬದಲಾದರೆ ದುಡ್ಡು ವಾಪಸ್ ಬರುತ್ತಾ?

ಸೀನಿಯರ್ ಈ ವರ್ಷಕ್ಕೆ 30 ಡಾಲರಿನ ಲೈಸೆನ್ಸ್ ತಗೊಂಡಿದ್ದಾರೆ. ಚಿಕ್ಕಪ್ಪ ಹರಾಜಿಗೆ ಹೋಗಿದ್ದರು. ಕೂಗು 70 ಸಾವಿರ ದಾಟಿದಾಗ ಸುಮ್ಮನಾದರಂತೆ. ಕೊನೆಗೆ ಕೆರೆ 85 ಸಾವಿರಕ್ಕೆ ಬೇರೆಯವರಿಗೆ ಹೋಯ್ತು. ಈ ಸಲ ಮಳೆ ಚೆನ್ನಾಗಿ ಆದರೆ ಅವರಿಗೆ ಹೊಟ್ಟೆ ಉರಿಯುತ್ತೇನೋ ಅಂತ ಕೇಳಿದ್ವಿ. "ಮಳೆ ಆದ್ರೆ ತೆಂಗಿಗೆ ನೀರಾಯ್ತಲ್ಲ, ಅದಕ್ಕೇನು ಹೊಟ್ಟೆ ಉರಿ" ಅಂದರು.