ನಿಮಗಿದು ಗೊತ್ತೇ? – ದ್ವೀಪಕ್ಕೆ ಎಂಟೇ ತಟ್ಟೆ

● ಕಡಲ ನಡುವಿನ ನಿರ್ಜನ ದ್ವೀಪ. ಅಲ್ಲಿ ನೀವೊಬ್ಬರೇ. ಜೊತೆಗೊಂದು ಗ್ರಾಮಫೋನು, ಎಂಟೇ ಎಂಟು ತಟ್ಟೆ. ಯಾವ ಎಂಟು? ಬಿಬಿಸಿ ರೇಡಿಯೊ ಈ ಪ್ರಶ್ನೆಯನ್ನು 1942ರಿಂದ ಕೇಳುತ್ತಲೇ ಬಂದಿದೆ. ಕಾರ್ಯಕ್ರಮದ ಹೆಸರು ‘ಡೆಸರ್ಟ್ ಐಲೆಂಡ್ ಡಿಸ್ಕ್ಸ್’. ಉತ್ತರ ಕೊಟ್ಟವರ ಸಂಖ್ಯೆ ಮೂರು ಸಾವಿರ ದಾಟಿದೆ.

● ಇದು ಹೊಳೆದದ್ದು ಮಲಗುವ ಹೊತ್ತಿನಲ್ಲಿ. 1941ರ ನವೆಂಬರ್ ಚಳಿಯ ಒಂದು ರಾತ್ರಿ, ರೇಡಿಯೊ ನಿರೂಪಕ ರಾಯ್ ಪ್ಲಮ್ಲಿ ಪೈಜಾಮ ತೊಟ್ಟು ಹಾಸಿಗೆಗೆ ಹೊರಟಿದ್ದರು. ಯೋಚನೆ ಬಂದದ್ದೇ ತಡ, ಹಾಗೇ ಕೂತು ಬಿಬಿಸಿಗೆ ಕಾಗದ ಬರೆದರು. ಎರಡೇ ತಿಂಗಳಲ್ಲಿ, ಬಾಂಬಿಗೆ ಸಿಕ್ಕಿ ಜಖಂ ಆಗಿದ್ದ ಮೈಡಾ ವೇಲ್ ಸ್ಟುಡಿಯೊದಲ್ಲಿ ಮೊದಲ ಧ್ವನಿಮುದ್ರಣ. 1942ರ ಜನವರಿ 29ರಂದು ಪ್ರಸಾರ. ಮೊದಲ ಅತಿಥಿ ಹಾಸ್ಯನಟ ವಿಕ್ ಆಲಿವರ್. ಆಗಿನ ಪ್ರಧಾನಿ ಚರ್ಚಿಲ್ಲರ ಅಳಿಯ! ಪ್ಲಮ್ಲಿ 1985ರಲ್ಲಿ ತೀರಿಕೊಳ್ಳುವವರೆಗೂ ಪ್ರಶ್ನೆ ಕೇಳುವ ಕೆಲಸ ಬಿಡಲಿಲ್ಲ.

● ಆರಂಭದಲ್ಲಿ ಇದು ಯುದ್ಧಕ್ಕೆ ಹೋದ ಸೈನಿಕರಿಗಾಗಿ ಇದ್ದ ‘ಫೋರ್ಸಸ್ ಪ್ರೋಗ್ರಾಂ’ನಲ್ಲಿ ಬರುತ್ತಿತ್ತು. ಆಡುವ ಮಾತೆಲ್ಲ ಮೊದಲೇ ಬರೆದು, ಸೆನ್ಸಾರಿನವರಿಗೆ ತೋರಿಸಿ, ಆಮೇಲೆ ಇಬ್ಬರೂ ಕೂತು ಓದುತ್ತಿದ್ದರು. ಹರಟೆಗೂ ಅಪ್ಪಣೆ ಬೇಕಿದ್ದ ಕಾಲ! ಗಣ್ಯರು ತಮ್ಮ ಮೆಚ್ಚಿನ ಹಾಡು ಆರಿಸಿ ಜವಾನರಿಗೆ ಕೇಳಿಸುವುದು ನಮಗೇನೂ ಹೊಸದಲ್ಲ. ವಿವಿಧ ಭಾರತಿಯಲ್ಲಿ ಸಿನಿಮಾ ತಾರೆಯರು ನಡೆಸುತ್ತಿದ್ದ ‘ವಿಶೇಷ್ ಜೈಮಾಲಾ’ ನೆನಪಿದೆಯಲ್ಲ?

● ದ್ವೀಪಕ್ಕೆ ಹೋಗುವವರಿಗೆ ಬೈಬಲ್ ಮತ್ತು ಷೇಕ್ಸ್‌ಪಿಯರ್ ಸಮಗ್ರ ಸಂಪುಟ ಪುಕ್ಕಟೆ. ಅದರ ಮೇಲೆ ಇನ್ನೊಂದು ಪುಸ್ತಕ, ಒಂದು ಐಷಾರಾಮದ ವಸ್ತು. ವಸ್ತುವಿಗೊಂದು ಕಟ್ಟಳೆ: ಅದರಿಂದ ಬದುಕುಳಿಯಲಿಕ್ಕಾಗಲಿ ತಪ್ಪಿಸಿಕೊಳ್ಳಲಿಕ್ಕಾಗಲಿ ಉಪಯೋಗವಾಗಬಾರದು, ಜೀವವಂತೂ ಇರಲೇಬಾರದು. ನಟಿ ಸ್ಯಾಲಿ ಆನ್ ಹೌಸ್ 1951ರಲ್ಲಿ ಕೇಳಿದ್ದು ಬೆಳ್ಳುಳ್ಳಿ. ಲೇಖಕ ನಾರ್ಮನ್ ಮೇಲರ್ ಕೇಳಿದ್ದು ಉತ್ತಮ ದರ್ಜೆಯ ಗಾಂಜಾ. ಜಾನ್ ಕ್ಲೀಸ್ ತಮ್ಮ ಜೊತೆಗಾರ ನಟ ಮೈಕೆಲ್ ಪೇಲಿನ್‌ನನ್ನೇ ಕೊಡಿ ಎಂದರು. ನಿಯಮ ಬಿಡಬೇಕಲ್ಲ? ಸತ್ತವನಿಗೆ ಹುಲ್ಲು ತುಂಬಿಸಿಕೊಂಡು ಹೋಗುವುದಾದರೆ ಅಡ್ಡಿಯಿಲ್ಲ ಎಂದು ಒಪ್ಪಿಗೆ ಸಿಕ್ಕಿತು.

● ಸ್ಟೀಫನ್ ಹಾಕಿಂಗ್ 1992ರಲ್ಲಿ ಬಂದಾಗ ಕೇಳಿದ ಐಷಾರಾಮ ಕ್ರೆಮ್ ಬ್ರೂಲೆ, ಅಂದರೆ ಮೇಲೆ ಸಕ್ಕರೆ ಸುಟ್ಟು ಗರಿಗರಿಯಾದ ಹಾಲು-ಮೊಟ್ಟೆಯ ಸಿಹಿ. ಸಂಗೀತದಲ್ಲಿ ಬೀಥೋವನ್, ಮೊಜಾರ್ಟ್, ವಾಗ್ನರ್ ಪಕ್ಕದಲ್ಲೇ ಬೀಟಲ್ಸ್. ಕಪ್ಪುಕುಳಿಯ ಪಂಡಿತರ ಪಟ್ಟಿಯಲ್ಲಿ ಸಿಹಿಗೂ ಕುಣಿತಕ್ಕೂ ಜಾಗವಿತ್ತು. ನನಗೆ ಇಂಥ ಪಟ್ಟಿಗಳೇ ಇಷ್ಟ. ಎಂಟಕ್ಕೆ ಎಂಟೂ ಘನಗಂಭೀರವಾಗಿದ್ದರೆ ಅದು ದ್ವೀಪಕ್ಕಲ್ಲ, ನೆಂಟರಿಗೆ ತೋರಿಸಲು ಮಾಡಿದ ಪಟ್ಟಿ ಅನ್ನಿಸಿಬಿಡುತ್ತದೆ.

● ಕಾರ್ಯಕ್ರಮದ ಶೀರ್ಷಿಕೆ ಸಂಗೀತದ ಜೊತೆ ಕಡಲಹಕ್ಕಿಗಳ ಕೂಗು ಕೇಳುತ್ತದೆ. ಅವು ಉತ್ತರ ಗೋಲಾರ್ಧದ ಹಕ್ಕಿಗಳು, ಉಷ್ಣವಲಯದ ದ್ವೀಪದಲ್ಲಿ ಅವಕ್ಕೇನು ಕೆಲಸ ಎಂದು ಕೇಳುಗರು ತಗಾದೆ ತೆಗೆದರು. 1964ರಲ್ಲಿ ಕೆಲಕಾಲ ಉಷ್ಣವಲಯದ ಹಕ್ಕಿಗಳನ್ನು ಕೂಗಿಸಿಯೂ ಆಯಿತು. ಕೊನೆಗೆ ಹಳೆಯವೇ ಮರಳಿದವು. ಅಸಲಿಗೆ ಎರಿಕ್ ಕೋಟ್ಸ್ ಆ ಸಂಗೀತ ಕಟ್ಟಿದ್ದು ಇಂಗ್ಲೆಂಡಿನದೇ ಕರಾವಳಿಯಲ್ಲಿ ಕಡಲು ನೋಡುತ್ತ ನಿಂತಾಗ. ಹಾಗಾಗಿ ಹಕ್ಕಿಗಳದೇನೂ ತಪ್ಪಿಲ್ಲ.

● ಪ್ಲಮ್ಲಿಗೆ ರೋಚಕ ಕಾದಂಬರಿಕಾರ ಅಲಿಸ್ಟೇರ್ ಮ್ಯಾಕ್ಲೀನ್ ಅವರನ್ನು ಕರೆಸುವ ಆಸೆ ಬಹಳ ದಿನದ್ದು. ಅಂತೂ ಬಂದರು. ಊಟಕ್ಕೆ ಕೂತಾಗ, ವರ್ಷದ ಯಾವ ಭಾಗದಲ್ಲಿ ಬರವಣಿಗೆ ಮಾಡುತ್ತೀರಿ ಎಂದು ಕೇಳಿದರೆ, ಬಂದವರಿಗೆ ತಲೆಬುಡ ತಿಳಿಯಲಿಲ್ಲ. ಅವರು ಅದೇ ಹೆಸರಿನ ಬೇರೊಬ್ಬರು, ಕೆನಡಾದ ಒಂಟಾರಿಯೊ ಪ್ರಾಂತದ ಪ್ರವಾಸೋದ್ಯಮ ಕಚೇರಿಯವರು! ಕರೆದವರನ್ನು ಬರಿಗೈಲಿ ಕಳಿಸುವುದು ಹೇಗೆ? ಮರ್ಯಾದೆಗೆ ಸಂದರ್ಶನವನ್ನೇನೋ ಮುದ್ರಿಸಿಕೊಂಡರು. ಅದು ಪ್ರಸಾರವಾಗಲಿಲ್ಲ.

● ಖ್ಯಾತ ಸೊಪ್ರಾನೊ ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್ 1958ರಲ್ಲಿ ಬಂದರು. ಎಂಟು ತಟ್ಟೆಗಳಲ್ಲಿ ಏಳು ಅವರೇ ಹಾಡಿದ್ದು! ತನ್ನ ಬೆನ್ನು ತಾನೇ ತಟ್ಟಿಕೊಂಡರು ಎಂದು ಜನ ಇವತ್ತಿಗೂ ನಗುತ್ತಾರೆ. ನಾನು ನಗಲಾರೆ. ಆ ತಟ್ಟೆಗಳಲ್ಲಿ ಜೊತೆಗೆ ಹಾಡಿದ, ನುಡಿಸಿದ ಸ್ನೇಹಿತರೆಲ್ಲ ಇದ್ದರಲ್ಲ. ಒಂಟಿ ದ್ವೀಪದಲ್ಲಿ ಅವರೇ ಬೇಕೆನ್ನಿಸಿದ್ದರೆ ಆಶ್ಚರ್ಯವೇನು?

● ಈ ಶ್ವಾರ್ಜ್‌ಕಾಫ್ ಅವರ ಪತಿ ವಾಲ್ಟರ್ ಲೆಗ್, ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದ ಕಟ್ಟಿದವರು. ಅದರ ಕಚೇರಿಗಳನ್ನು ನಡೆಸಲು ಹುಟ್ಟಿದ ಸಂಸ್ಥೆಯ ಮೊದಲ ಅಧ್ಯಕ್ಷರು ಯಾರು ಗೊತ್ತೇ? ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್! ಅರಮನೆಯಲ್ಲಿ ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿರುವುದನ್ನು ಕಂಡು ಲೆಗ್ ದಂಗಾಗಿದ್ದರಂತೆ. ಎಂಟನ್ನು ಆರಿಸಿ ಎಂದಿದ್ದರೆ ಮಹಾರಾಜರು ಎಷ್ಟು ಒದ್ದಾಡುತ್ತಿದ್ದರೋ! ಆದರೆ ಅವರ ಎಂಟರಲ್ಲಿ ಒಂದಾದರೂ ನಿಕೊಲಾಯ್ ಮೆಟ್ನರ್ ರಚನೆ ಇದ್ದೇ ಇರುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್‌ಗೆ ಮುಪ್ಪು, ಹೃದ್ರೋಗ. ಸಂಗೀತ ಲೋಕ ಅವರನ್ನು ಹೆಚ್ಚುಕಡಿಮೆ ಮರೆತಿತ್ತು. ಮಹಾರಾಜರು ಅವರ ಹೆಸರಿನಲ್ಲೇ ಒಂದು ಸೊಸೈಟಿ ಮಾಡಿ ಹಣ ಕೊಟ್ಟರು. ಮುದುಕ ಸ್ವತಃ ಪಿಯಾನೊ ಮುಂದೆ ಕೂತು ತಮ್ಮ ರಚನೆಗಳನ್ನು ನುಡಿಸಿದರು, ಎಚ್‌ಎಂವಿ ತಟ್ಟೆ ತೆಗೆಯಿತು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚರ್ಟೊವನ್ನು ಅರ್ಪಿಸಿದ್ದು ಮೈಸೂರಿನ ಅರಸರಿಗೆ.

● ಇನ್ನೂ ಒಂದು ಕೇಳಿ. ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚಿನ ವರ್ಷ ಬರೆದ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲ ಬಾರಿ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವಾಂಗ್ಲರ್. ಕಚೇರಿಗೆ 4,800 ಡಾಲರ್ ಭರವಸೆ ಕೊಟ್ಟವರು ಮತ್ತೆ ಜಯಚಾಮರಾಜರೇ. ಅವರು ಕೇಳಿದ್ದು ಇಷ್ಟೇ: ಕಚೇರಿಯ ಮುದ್ರಣ ಮಾಡಿ ಮೈಸೂರಿಗೆ ಕಳಿಸಿ. ತಟ್ಟೆಗಳು ಹಡಗೇರಿ ಬಂದವು. ಧ್ವನಿ ಅಷ್ಟು ಚೆನ್ನಾಗಿಲ್ಲವಾದರೂ ಆ ಸಂಜೆಯ ಮುದ್ರಣವನ್ನು ಇವತ್ತೂ ಕೇಳಬಹುದು. ಊರಿಗೆಲ್ಲ ತೋರಿಸಲಿಕ್ಕಲ್ಲ, ತಾನು ಕೇಳಲಿಕ್ಕೆ ಆರಿಸಿಕೊಳ್ಳುವುದು ಅಂದರೆ ಇದು. ಅಂದಹಾಗೆ ಇದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು.

● ಮೈಸೂರಿಗೂ ಗ್ರಾಮಫೋನಿಗೂ ಹಳೆಯ ನಂಟು. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ ದೇಶವಿಡೀ ಮನೆಮಾತಾದ ಗೌಹರ್ ಜಾನ್ ಕೊನೆಗಾಲ ಕಳೆದದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು. ತಟ್ಟೆಯ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದದ್ದು ಬಿಂಕಕ್ಕಲ್ಲ. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಿತ್ತು.

● ಆಗಿನ 78 ವೇಗದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು-ಮೂರೂವರೆ ನಿಮಿಷ. ಆ ಲೆಕ್ಕದಲ್ಲಿ ಎಂಟು ತಟ್ಟೆ ಎಂದರೆ ಎರಡೂ ಮಗ್ಗುಲು ಸೇರಿ ಒಂದು ಗಂಟೆಯೂ ಆಗದು. ದ್ವೀಪದಲ್ಲಿ ಅಷ್ಟರಲ್ಲೇ ಕಾಲ ಕಳೆಯಬೇಕು!

● ಅತಿಥಿಗಳು ಅತಿ ಹೆಚ್ಚು ಬಾರಿ ಆರಿಸಿದ ಕೃತಿ ಬೀಥೋವನ್‌ನ ಒಂಬತ್ತನೇ ಸಿಂಫನಿ. ಆದರೆ ಕೇಳುಗರನ್ನೇ 2011ರಲ್ಲಿ ಕೇಳಿದಾಗ ಗೆದ್ದದ್ದು ವಾನ್ ವಿಲಿಯಮ್ಸ್‌ನ ‘ದ ಲಾರ್ಕ್ ಅಸೆಂಡಿಂಗ್’. ಸಿ.ಡಿ.ಗೆ 74 ನಿಮಿಷ ಎಂದು ಗೊತ್ತುಮಾಡಿದ್ದು ಇದೇ ಒಂಬತ್ತನೇ ಸಿಂಫನಿ ಪೂರ್ತಿ ಹಿಡಿಯಲಿ ಎಂದು, ಎನ್ನುವ ಕಥೆ ಬಲು ಜನಪ್ರಿಯ. ಸಿ.ಡಿ. ರೂಪಿಸಿದ ತಂಡದಲ್ಲಿದ್ದ ಎಂಜಿನಿಯರ್ ಕೀಸ್ ಇಮ್ಮಿಂಕ್ ಮಾತ್ರ ಅದನ್ನು ಒಪ್ಪುವುದಿಲ್ಲ.

● ನಿಜವಾಗಿ ದ್ವೀಪಕ್ಕೆ ಸಿಕ್ಕಿಬಿದ್ದವರು ಏನು ಮಾಡಿದರು? ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್ 1704ರಿಂದ 1709ರವರೆಗೆ, ಚಿಲಿ ದೇಶದ ಆಚೆಯ ಒಂದು ದ್ವೀಪದಲ್ಲಿ ಒಬ್ಬನೇ ಇದ್ದ. ಬಂದೂಕು, ಕೊಡಲಿ, ಬೈಬಲ್ ಜೊತೆಗಿದ್ದವು. ಹಾಡಿಗೆ ಅವನ ಗಂಟಲೇ ಗತಿ. ಭಕ್ತಿಗೀತೆ ಹಾಡಿಕೊಳ್ಳುತ್ತ, ಪಳಗಿಸಿದ ಬೆಕ್ಕುಗಳ, ಮೇಕೆಮರಿಗಳ ಜೊತೆ ಕುಣಿಯುತ್ತಿದ್ದನಂತೆ. ದ್ವೀಪಕ್ಕೀಗ ಕಾದಂಬರಿಯ ನಾಯಕ ರಾಬಿನ್ಸನ್ ಕ್ರೂಸೊನದೇ ಹೆಸರು.

● 1915. ಅಂಟಾರ್ಕ್ಟಿಕದ ಮಂಜುಗಡ್ಡೆ ಧ್ರುವಯಾತ್ರಿಕ ಶ್ಯಾಕಲ್‌ಟನ್ನನ ‘ಎಂಡ್ಯೂರೆನ್ಸ್’ ಹಡಗನ್ನು ಹಿಚುಕಿ ಪುಡಿಮಾಡಿತು. ತಲೆಗೆ ಎರಡು ಪೌಂಡ್ ಸಾಮಾನು, ಉಳಿದದ್ದೆಲ್ಲ ಬಿಸಾಡಿ ಎಂದು ಅಪ್ಪಣೆಯಾಯಿತು. ಶ್ಯಾಕಲ್‌ಟನ್ ತನ್ನ ಚಿನ್ನದ ನಾಣ್ಯಗಳನ್ನೇ ಹಿಮಕ್ಕೆ ಚೆಲ್ಲಿದ. ರಾಣಿ ಅಲೆಕ್ಸಾಂಡ್ರಾ ಕೊಟ್ಟ ಬೈಬಲಿನಿಂದ ಒಂದೆರಡು ಹಾಳೆ ಹರಿದಿಟ್ಟುಕೊಂಡು ಅದನ್ನೂ ಬಿಟ್ಟ. ಆದರೆ ಹವಾಮಾನ ತಜ್ಞ ಲೆನರ್ಡ್ ಹಸ್ಸಿಯ ಬ್ಯಾಂಜೊ ವಾದ್ಯವನ್ನು ಮಾತ್ರ ಬಿಡಗೊಡಲಿಲ್ಲ, ಅದು ಮನಸ್ಸಿಗೆ ಔಷಧ ಎಂದ. ಅದರ ತೂಕ ಎರಡು ಪೌಂಡಿಗಿಂತ ಎಷ್ಟೋ ಹೆಚ್ಚು! ಮುಂದೆ ಎಲಿಫೆಂಟ್ ದ್ವೀಪದಲ್ಲಿ, ಮಗುಚಿಹಾಕಿದ ದೋಣಿಗಳ ಕೆಳಗೆ, ಸೀಲ್ ಕೊಬ್ಬಿನ ಹೊಗೆಯಲ್ಲಿ ಮೈಯೆಲ್ಲ ಮಸಿಯಾಗಿ 22 ಮಂದಿ ನಾಲ್ಕೂವರೆ ತಿಂಗಳು ಕಳೆದರು. ಶನಿವಾರ ಬಂತೆಂದರೆ ಬ್ಯಾಂಜೊ ಕಚೇರಿ. ಹಾಡು ಹಳೆಯವೇ, ಸಾಹಿತ್ಯ ಹೊಸದು. ಒಬ್ಬರನ್ನೊಬ್ಬರು ಗೇಲಿ ಮಾಡಿ ಪದ ಕಟ್ಟುತ್ತಿದ್ದರು. ಆ 22 ಜನರಲ್ಲಿ ಒಬ್ಬನೂ ಸಾಯಲಿಲ್ಲ. ಬ್ಯಾಂಜೊ ಈಗ ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿದೆ. ಎಂಟು ತಟ್ಟೆಗಿಂತ ನುಡಿಸಬಲ್ಲ ಒಬ್ಬ ಮನುಷ್ಯನೇ ವಾಸಿ ಅಂತೀರಾ? ನಾನಂತೂ ಹಾಗೇ ಅಂತೀನಿ.

● ಅದೇ ಅಂಟಾರ್ಕ್ಟಿಕಕ್ಕೆ 1904ರಲ್ಲಿ ಹೋಗಿದ್ದ ಸ್ಕಾಟಿಷ್ ತಂಡದ ಗಿಲ್ಬರ್ಟ್ ಕೆರ್, ಪೆಂಗ್ವಿನ್ ಎದುರು ನಿಂತು ಬ್ಯಾಗ್‌ಪೈಪ್ ಊದುತ್ತಿರುವ ಫೋಟೊ ಇದೆ. ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗೆ.

● ಭೂಮಿಯನ್ನೇ ಬಿಟ್ಟು ಹೊರಟ ತಟ್ಟೆಯೂ ಒಂದಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆ, ಜೊತೆಗೆ ಅದನ್ನು ನುಡಿಸುವ ಮುಳ್ಳು. 27 ಸಂಗೀತ ತುಣುಕುಗಳು, ಸುಮಾರು 90 ನಿಮಿಷ. ಬಾಖ್‌ನ ಮೂರು, ಬೀಥೋವನ್‌ನ ಎರಡು, ಚಕ್ ಬೆರಿಯ ರಾಕ್ ಒಂದು. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಇದೆ. ವಾಯೇಜರ್-1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಕನ್ನಡ ಅಷ್ಟು ದೂರ ಬೇರೆಲ್ಲೂ ಹೋಗಿಲ್ಲ ಬಿಡಿ.

● ಆ ತಟ್ಟೆಯಲ್ಲಿರುವ ಭಾರತದ ಸಂಗೀತ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ. ಇದೇ ಬೇಕು ಎಂದು ಸಂಗೀತ ವಿದ್ವಾಂಸ ರಾಬರ್ಟ್ ಬ್ರೌನ್ ಹಟ ಹಿಡಿದರು, ತಟ್ಟೆ ಮಾತ್ರ ಎಲ್ಲೂ ಸಿಗದು. ಹುಡುಕಿ ಹುಡುಕಿ ಸಾಕಾದ, ತಟ್ಟೆ ರೂಪಿಸಿದ ತಂಡದ ಆನ್ ಡ್ರುಯನ್‌ಗೆ ಕೊನೆಗೆ ಅದು ಸಿಕ್ಕಿದ್ದು ನ್ಯೂಯಾರ್ಕಿನ ಒಂದು ಅಂಗಡಿಯಲ್ಲಿ, ಮೇಜಿನ ಕೆಳಗೆ ತಳ್ಳಿದ್ದ ರಟ್ಟಿನ ಪೆಟ್ಟಿಗೆಯೊಳಗೆ! ಕೇಸರಬಾಯಿ ಕಲಿತದ್ದು ಅಲ್ಲಾದಿಯಾ ಖಾನರಲ್ಲಿ. ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರ್. ಅಂದರೆ ನಕ್ಷತ್ರಗಳತ್ತ ಹೊರಟಿರುವುದು ಮನ್ಸೂರರ ಘರಾಣೆಯೇ. ವಾಯೇಜರ್-1 ಹಾರಿದ್ದು ಸೆಪ್ಟೆಂಬರ್ 5ರಂದು. ಕೇಸರಬಾಯಿ ತೀರಿಕೊಂಡದ್ದು ಅದೇ ತಿಂಗಳ 16ರಂದು.

● ಬಾಹ್ಯಾಕಾಶದಲ್ಲಿ ಮೊದಲು ನುಡಿದ ವಾದ್ಯ ಮೌತ್ ಆರ್ಗನ್. 1965ರ ಡಿಸೆಂಬರಿನಲ್ಲಿ ಜೆಮಿನಿ-6 ನೌಕೆಯ ಶಿರಾ ಮತ್ತು ಸ್ಟಾಫರ್ಡ್, ಅನಾಮಧೇಯ ವಸ್ತುವೊಂದು ಹಾರುತ್ತಿದೆ ಎಂದು ನೆಲದವರನ್ನು ಗಾಬರಿಗೊಳಿಸಿ, ಕದ್ದೊಯ್ದಿದ್ದ ಮೌತ್ ಆರ್ಗನ್ ಮತ್ತು ಗೆಜ್ಜೆಗಳಲ್ಲಿ ‘ಜಿಂಗಲ್ ಬೆಲ್ಸ್’ ನುಡಿಸಿಬಿಟ್ಟರು.

● ಅಪೊಲೊ-11ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಒಯ್ದ ಸಂಗೀತ 1947ರ ‘ಮ್ಯೂಸಿಕ್ ಔಟ್ ಆಫ್ ದ ಮೂನ್’. ಮುಟ್ಟದೆಯೇ ನುಡಿಸುವ ಥೆರೆಮಿನ್ ವಾದ್ಯದ್ದು. ಕೇಳಿಸಿಕೊಂಡದ್ದು ಸೋನಿಯ ಪುಟ್ಟ ಕ್ಯಾಸೆಟ್ ರೆಕಾರ್ಡರಿನಲ್ಲಿ. ಅದನ್ನು ಕೊಟ್ಟಿದ್ದದ್ದು ಟಿಪ್ಪಣಿ ಹೇಳಿಕೊಳ್ಳಲಿಕ್ಕೆ.

● ಅದೇ ಸೋನಿ 1979ರಲ್ಲಿ ವಾಕ್‌ಮನ್ ತಂದಿತು. ಮೂಲತಃ ಅದು ಕಂಪನಿಯ ಸ್ಥಾಪಕ ಇಬುಕಾ ವಿಮಾನದಲ್ಲಿ ಸಂಗೀತ ಕೇಳಲೆಂದು ಮಾಡಿಸಿಕೊಂಡದ್ದು. ಇನ್ನೊಬ್ಬ ಸ್ಥಾಪಕ ಮೊರಿಟಾ ಒಂದನ್ನು ಮನೆಗೊಯ್ದು ಕಿವಿಗೆ ಹಾಕಿಕೊಂಡು ಕೂತರೆ, ನಾನಿಲ್ಲಿ ಇರುವುದು ಕಾಣುವುದಿಲ್ಲವೇ ಎಂದು ಹೆಂಡತಿಗೆ ಸಿಟ್ಟು. ಮೊರಿಟಾ ಎರಡನೇ ಹೆಡ್‌ಫೋನಿಗೂ ಜಾಗ ಕೊಡಿಸಿದರು, ಇಬ್ಬರು ಮಾತಾಡಿಕೊಳ್ಳಲು ಕಿತ್ತಳೆ ಬಣ್ಣದ ಗುಂಡಿ ಬೇರೆ. ಕೊಂಡವರು ಅದನ್ನು ಒಬ್ಬೊಬ್ಬರೇ ಹಾಕಿಕೊಂಡು ಓಡಾಡಿದರು. ಮುಂದಿನ ಮಾದರಿಗಳಲ್ಲಿ ಗುಂಡಿಯೂ ಹೋಯಿತು, ಎರಡನೇ ತೂತೂ ಹೋಯಿತು.