ಬ್ರೇಕ್ ಕಿರುಚಿದರೆ ರೇಡಿಯೊ ಜೋರು ಮಾಡಬೇಡಿ

ತರಕಾರಿ ಬೆಳೆಯುವವನು ಕಾರಿನ ಬ್ರೇಕ್ ಬಗ್ಗೆ ಯಾಕೆ ಬರೀತಿದ್ದಾನೆ ಅಂತ ನೀವು ಕೇಳಬಹುದು. ನಮ್ಮ ಉಡುಪಿ, ಕಾಪು, ಕಾರ್ಕಳದ ಕಡೆ ಈಗ ಅನೇಕ ಯುವ ರೈತರು ತಮ್ಮ ಕಾರಿನಲ್ಲೇ ಬೆಳೆ ಸಾಗಿಸುತ್ತಾರೆ. ಹಿಂದಿನ ಸೀಟು ಮಡಚಿದರೆ ಬೆಂಡೆ, ಅಲಸಂಡೆ, ಬಸಳೆ, ಹರಿವೆ ಎಲ್ಲ ಹಿಡಿಸ್ತದೆ. ಮಟ್ಟುವಿನ ಗುಳ್ಳವೂ, ಶಂಕರಪುರದ ಮಲ್ಲಿಗೆಯೂ ಹೀಗೇ ಹೋಗುವುದುಂಟು. ಪವರ್ ಟಿಲ್ಲರ್‌ಗೆ ಕೊಡುವಷ್ಟು ಗಮನವನ್ನು ಈ ಕಾರಿಗೆ ನಾವು ಕೊಡುವುದಿಲ್ಲ. ನಾನೂ ಕೊಟ್ಟಿರಲಿಲ್ಲ.

ಕಳೆದ ಮಳೆಗಾಲದ ಮಾತು. ವಾರಕ್ಕೆ ಎರಡು ದಿನ ಕಾರ್ಕಳದ ಕಡೆಯಿಂದ ಬೈಲೂರು, ಹಿರಿಯಡ್ಕ ದಾಟಿ ಮಣಿಪಾಲಕ್ಕೆ ತರಕಾರಿ ಒಯ್ಯುತ್ತಿದ್ದೆ. ಜೂನ್‌ನಲ್ಲಿ ಮುಂದಿನ ಎಡ ಚಕ್ರದಿಂದ 'ಕೀಂಯ್' ಅಂತ ಶಬ್ದ ಶುರುವಾಯ್ತು. ಮಳೆಗೆ ಹೀಗೇ ಆಗ್ತದೆ ಅಂದುಕೊಂಡು ರೇಡಿಯೊ ಜೋರು ಮಾಡಿದೆ. ಜುಲೈಯಲ್ಲಿ ಅದು 'ಗರಗರ' ಆಯ್ತು. ಆಗಸ್ಟ್‌ನ ಒಂದು ಬೆಳಿಗ್ಗೆ ಪರ್ಕಳದ ಹತ್ತಿರ ಇಳಿಜಾರಿನಲ್ಲಿ ಶಾಲೆ ಮಕ್ಕಳು ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿದೆ. ನಿಲ್ಲಬೇಕಾದ ಜಾಗದಲ್ಲಿ ಕಾರು ನಿಲ್ಲಲಿಲ್ಲ. ಕೊನೆಯ ಮಗುವಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಹಿಂದಿದ್ದ ಕ್ರೇಟ್‌ಗಳು ಜಾರಿ ಬಂದು ನನ್ನ ಸೀಟಿಗೆ ಬಡಿದವು. ಆ ಹುಡುಗಿ ನನ್ನನ್ನೊಮ್ಮೆ ನೋಡಿ ಓಡಿದಳು. ನನ್ನ ಕೈಕಾಲು ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯ್ತು.

ಚಕ್ರ ಬಿಚ್ಚಿದ ಮೆಕ್ಯಾನಿಕ್ ಕೇಳಿದರು: "ಎಂತ ಮಾರಾಯ, ಎರಡು ತಿಂಗಳಿಂದ ಅದು ಕೂಗ್ತಾ ಉಂಟಲ್ಲ, ನಿಂಗೆ ಕೇಳ್ಲಿಲ್ವಾ?" ಪ್ಯಾಡ್ ಪೂರ್ತಿ ಸವೆದು, ಅದರ ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನೇ ಉಜ್ಜಿ ಗೀರು ಹಾಕಿತ್ತು. ಜೂನ್‌ನಲ್ಲೇ ಹೋಗಿದ್ದರೆ ಪ್ಯಾಡ್ ಮಾತ್ರ ಬದಲಿಸಿದರೆ ಸಾಕಿತ್ತು. ಈಗ ಡಿಸ್ಕ್ ಕೂಡ ಹೋಯ್ತು.

ಎಲೆ ನೋಡಿದ ಹಾಗೆ ಬ್ರೇಕ್ ನೋಡಿ

ಎಲೆ ಹಳದಿಯಾಯ್ತು ಅಂತ ಕೂಡಲೇ ಗೊಬ್ಬರ ಸುರಿಯುವುದಿಲ್ಲ ಅಲ್ವಾ? ಮೊದಲು ಯಾವ ಎಲೆ ಅಂತ ನೋಡುತ್ತೇವೆ. ಕೆಳಗಿನ ಹಳೆ ಎಲೆಯಾದರೆ ಸಾರಜನಕದ ಕೊರತೆ ಇರಬಹುದು, ತುದಿಯ ಚಿಗುರಾದರೆ ಕಬ್ಬಿಣದ್ದು. ಬ್ರೇಕ್ ಶಬ್ದಕ್ಕೂ ಹೀಗೇ ಮೂರು ಪ್ರಶ್ನೆ ಹಾಕಿಕೊಳ್ಳಿ. ಯಾವ ಚಕ್ರದಿಂದ ಬರ್ತದೆ? ಯಾವಾಗ ಬರ್ತದೆ? ಎಂಥ ಶಬ್ದ?

ಗೆಳೆಯನನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ, ಕಾರು ನಿಧಾನವಾಗಿ ಹೋಗುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ. ಒಳಗೆ ಕೂತವರಿಗಿಂತ ಹೊರಗೆ ನಿಂತವರಿಗೆ ಯಾವ ಚಕ್ರ ಅನ್ನುವುದು ಬೇಗ ಗೊತ್ತಾಗ್ತದೆ. ಆ ವಿಡಿಯೊ ಮೆಕ್ಯಾನಿಕ್‌ಗೂ ಉಪಯೋಗ.

ಯಾವ ಶಬ್ದಕ್ಕೆ ಏನು ಕಾರಣ

ಬೆಳಿಗ್ಗೆ ಮಾತ್ರ, ನಾಲ್ಕೈದು ಸಲ ಬ್ರೇಕ್ ಹಾಕಿದ ಮೇಲೆ ಹೋಗುವ ಶಬ್ದ: ಇದು ತುಕ್ಕು. ಡಿಸ್ಕ್ ಬೀಡು ಕಬ್ಬಿಣದ್ದು. ಒಂದು ರಾತ್ರಿಯ ಮಳೆಗೇ ಅದರ ಮೇಲೆ ತೆಳು ತುಕ್ಕು ಕೂರುತ್ತದೆ. ಕಾಪು, ಮಟ್ಟುವಿನಂಥ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಇದು ಇನ್ನೂ ಜಾಸ್ತಿ. ಪ್ಯಾಡ್ ಉಜ್ಜಿ ಅದನ್ನು ತೆಗೆಯುತ್ತದೆ, ಹೆದರಬೇಕಾಗಿಲ್ಲ.

ದಿನವಿಡೀ ಬರುವ ಸಣ್ಣ, ಚೂಪಾದ 'ಕೀಂಯ್': ಪ್ಯಾಡ್ ಸವೆದಿರುವ ಸಂಭವ ಹೆಚ್ಚು. ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ತೆಳುವಾದಾಗ ಅದು ಡಿಸ್ಕ್‌ಗೆ ತಾಗಿ ಕಿರುಚುತ್ತದೆ. ನಮ್ಮನ್ನು ಎಚ್ಚರಿಸಲೆಂದೇ ಅದನ್ನು ಇಟ್ಟಿರುವುದು. ನಾನು ರೇಡಿಯೊ ಜೋರು ಮಾಡಿದ್ದು ಈ ಶಬ್ದಕ್ಕೆ.

'ಗರಗರ', ಪೆಡಲ್‌ನಲ್ಲಿ ನಡುಕ: ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು. ಕಾರು ಓಡಿಸಬೇಡಿ. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಬ್ರೇಕ್ ಹಾಕದಿದ್ದರೂ ಬರುವ ಕರ್ಕಶ ಶಬ್ದ: ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿ ಕಲ್ಲು ಸಿಕ್ಕಿರಬಹುದು. ತೋಟದ ಕೆಂಪು ಮಣ್ಣಿನ ದಾರಿಯಲ್ಲಿ ಇದು ಮಾಮೂಲಿ.

ಇಳಿಜಾರಿನ ನಂತರ ಶುರುವಾದ ಕಿರುಚಾಟ: ತುಂಬಾ ಭಾರ ಹೇರಿ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಅದರ ಮುಖ ಗಾಜಿನಂತೆ ನಯವಾಗುತ್ತದೆ. ಆಮೇಲೆ ಹಿಡಿತವೂ ಕಡಿಮೆ.

ಹಿಂದಿನ ಚಕ್ರದಿಂದ ಕಿರ್ರೆನ್ನುವುದು: ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ಒಳಗೆ ಧೂಳು, ಕೆಸರು ತುಂಬಿದರೆ ಅಥವಾ ಲೈನರ್ ಸವೆದರೆ ಹೀಗಾಗ್ತದೆ.

ಟಾರ್ಚ್ ಹಿಡಿದು ನೋಡಿ

ಅಲಾಯ್ ಚಕ್ರವಾದರೆ ಸಂದಿನಿಂದಲೇ ಮೊಬೈಲ್ ಟಾರ್ಚ್ ಹಾಕಿ ಪ್ಯಾಡ್ ನೋಡಬಹುದು. ಕಬ್ಬಿಣದ ಚಕ್ರವಾದರೆ ಬಿಚ್ಚಬೇಕು. ಸಮತಟ್ಟು ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ ಸ್ವಲ್ಪ ಸಡಿಲಿಸಿ ಜಾಕ್ ಏರಿಸಿ. ಬಿಚ್ಚಿದ ಚಕ್ರವನ್ನು ಕಾರಿನಡಿ ಮಲಗಿಸಿಡಿ, ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ.

ಹೊಸ ಪ್ಯಾಡ್ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಕಬ್ಬಿಣದ ತಗಡು ಬಿಟ್ಟು ಉಜ್ಜುವ ಭಾಗ 3 ಮಿ.ಮೀ.ಗೆ ಬಂದರೆ ಬದಲಿಸಿ. ಒಳಗಿನ ಪ್ಯಾಡನ್ನೂ ನೋಡಿ, ಅದು ಕೆಲವೊಮ್ಮೆ ಹೊರಗಿನದ್ದಕ್ಕಿಂತ ಬೇಗ ಸವೆಯುತ್ತದೆ. ಹಾಗಿದ್ದರೆ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದಿದೆ ಅಂತಲೇ ಸಂಶಯಪಡಿ. ನಮ್ಮ ಹವೆಗೆ ಇದು ಬಹಳ ಕಾಣುವ ತೊಂದರೆ. ತಿಂಗಳಿಗೊಂದು ಫೋಟೊ ತೆಗೆದಿಟ್ಟರೆ ಎಷ್ಟು ಬೇಗ ಸವೆಯುತ್ತಿದೆ ಅನ್ನುವುದು ಗೊತ್ತಾಗ್ತದೆ.

ಸರಿ ಮಾಡುವುದು ಹೇಗೆ

1. ಕಲ್ಲು, ಕೆಸರು ಇದ್ದರೆ ಡಿಸ್ಕ್ ಪೂರ್ತಿ ತಣಿದ ಮೇಲೆ ಪೈಪಿನ ನೀರು ಬಿಟ್ಟು ತೊಳೆಯಿರಿ. ಕಾದ ಡಿಸ್ಕ್‌ಗೆ ತಣ್ಣೀರು ಬಿದ್ದರೆ ಅದು ಬಾಗಬಹುದು.

2. ಪ್ಯಾಡ್ ಬದಲಿಸುವುದಾದರೆ ಎಡ, ಬಲ ಎರಡೂ ಚಕ್ರದ್ದು ಒಟ್ಟಿಗೇ ಬದಲಿಸಿ. ಒಂದೇ ಬದಿ ಹೊಸದಾದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಅನುಭವ ಇಲ್ಲದಿದ್ದರೆ ಈ ಕೆಲಸ ಮೆಕ್ಯಾನಿಕ್‌ಗೆ ಬಿಡಿ, ಆದರೆ ಹತ್ತಿರ ನಿಂತು ನೋಡಿ.

3. ಪಿನ್ ಬಿಚ್ಚಿ ಸ್ವಚ್ಛಮಾಡಿ ಬ್ರೇಕ್‌ಗೆಂದೇ ಇರುವ ಗ್ರೀಸ್ ಹಾಕಲು ಹೇಳಿ. ಪ್ಯಾಡ್‌ನ ಬೆನ್ನಿಗೂ ತೆಳುವಾಗಿ ಹಚ್ಚಿದರೆ ಕಂಪನದಿಂದ ಬರುವ ಕಿರುಚಾಟ ನಿಲ್ಲುತ್ತದೆ.

4. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಎಂಟು-ಹತ್ತು ಸಲ ಹದವಾಗಿ ಇಳಿಸಿ, ನಡುನಡುವೆ ತಣಿಯಲು ಬಿಡಿ. ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುತ್ತದೆ. ಆಮೇಲೆಯೇ ಕ್ರೇಟ್ ಹೇರಿ.

ಇದನ್ನು ಮಾಡಲೇಬೇಡಿ

ಶಬ್ದ ನಿಲ್ಲಲಿ ಅಂತ ಡಿಸ್ಕ್‌ಗೆ ಎಂಜಿನ್ ಆಯಿಲ್, ತೆಂಗಿನೆಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ. ಶಬ್ದ ನಿಲ್ಲುತ್ತದೆ, ಆದರೆ ಕಾರು ನಿಲ್ಲುವುದಿಲ್ಲ! ಎಣ್ಣೆ ಹೀರಿದ ಪ್ಯಾಡನ್ನು ಎಸೆಯಲೇಬೇಕು. ಡಿಸ್ಕ್ ಒರೆಸಲು ಬ್ರೇಕ್ ಕ್ಲೀನರ್ ಮಾತ್ರ ಬಳಸಿ. ಡ್ರಮ್‌ನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಒದ್ದೆ ಬಟ್ಟೆಯಿಂದ ಒರೆಸಿ.

ಬ್ರೇಕ್ ಆಯಿಲ್ ಮರೆಯಬೇಡಿ

ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವೇ? ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ ಬರುತ್ತದೆ. ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ, ಆವಿಯ ಗುಳ್ಳೆಗಳಾಗಿ ಪೆಡಲ್ ನೆಲಕ್ಕೆ ಹೋಗಿಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಘಟ್ಟ ಹತ್ತುವಾಗ ಯಾವ ಗೇರ್ ಬೇಕೋ, ಇಳಿಯುವಾಗಲೂ ಅದೇ ಗೇರ್ ಹಾಕಿ.

ಬಾನೆಟ್ ಎತ್ತಿದಾಗ ಆಯಿಲ್ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡಿ. ಪ್ಯಾಡ್ ಸವೆದಂತೆ ಅದು ಇಳಿಯುತ್ತದೆ, ಇಲ್ಲವೇ ಎಲ್ಲಾದರೂ ಸೋರುತ್ತಿದೆ. ಎರಡೂ ಪರೀಕ್ಷಿಸಬೇಕಾದ ವಿಷಯವೇ.

ನಾನೀಗ ಮೇ ತಿಂಗಳಲ್ಲಿ, ಅಡಿಕೆಗೆ ಮೊದಲ ಬೋರ್ಡೋ ಸಿಂಪಡಣೆಗೆ ತಯಾರಿ ಮಾಡುವಾಗಲೇ, ಕಾರಿನ ನಾಲ್ಕೂ ಚಕ್ರ ಬಿಚ್ಚಿಸಿ ನೋಡುತ್ತೇನೆ. ಅರ್ಧ ದಿನದ ಕೆಲಸ. ಪರ್ಕಳದ ಆ ಇಳಿಜಾರಿನಲ್ಲಿ ಈಗಲೂ ಪ್ರತಿ ಸಲ ರೇಡಿಯೊ ಬಂದ್ ಮಾಡಿ, ಕಿಟಕಿ ಇಳಿಸಿ, ಚಕ್ರದ ಶಬ್ದ ಕೇಳಿಕೊಂಡೇ ಇಳಿಯುತ್ತೇನೆ. ನಾಳೆ ಮಾರ್ಕೆಟ್‌ಗೆ ಹೊರಡುವಾಗ ನೀವೂ ಒಮ್ಮೆ ಕೇಳಿ ನೋಡಿ.