‘ಗುಂಯ್’ ಎನ್ನುವ ಗಿಟಾರಿಗೂ ಒಂದು ಲೆಕ್ಕವಿದೆ!

ಮಂಡಿ ಮೊಹಲ್ಲಾದ ಹಳೆಯ ಮನೆಗಳಲ್ಲಿ ಎರಡು ಸಂಸಾರಕ್ಕೆ ಒಂದೇ ಗೋಡೆ. ಆಚೆ ಮನೆಯ ಒಗ್ಗರಣೆಯ ಸದ್ದೂ ಈಚೆಗೆ ಕೇಳುತ್ತದೆ. ಅಂಥಲ್ಲಿ ಪಿ.ಯು.ಸಿ. ಓದುವ ಹುಡುಗ ಎಲೆಕ್ಟ್ರಿಕ್ ಗಿಟಾರ್ ತಂದರೆ ಏನಾದೀತು, ಊಹಿಸಿ! ‘ಹಾಡೂ ಇಲ್ಲ, ತಾಳವೂ ಇಲ್ಲ, ಬರೀ ಗುಂಯ್ ಅನ್ನುತ್ತೆ ಸಾರ್’ ಎಂಬುದು ತಂದೆಯ ದೂರು. ಆ ಗುಂಯ್‌ಗೂ ಒಂದು ಹೆಸರಿದೆ: ಆಂಬಿಯೆಂಟ್ ರಾಕ್.

ನಮ್ಮ ರಾಜ್ಯದಲ್ಲೇ ಈ ದಾರಿ ಹಿಡಿದ ತಂಡ ಬೆಂಗಳೂರಿನ ಲೌಂಜ್ ಪಿರಾನ್ಹಾ. 2008ರಲ್ಲಿ ಬಂದ ಅದರ ಚೊಚ್ಚಲ ಆಲ್ಬಮ್ಮಿನ ಹೆಸರು ‘ಗೋಯಿಂಗ್ ನೋವೇರ್’, ಅಂದರೆ ‘ಎಲ್ಲಿಗೂ ಹೋಗುತ್ತಿಲ್ಲ’. ಗಿಟಾರ್ ಹಿಡಿದ ಮಕ್ಕಳ ಬಗ್ಗೆ ಹೆತ್ತವರು ಆಡುವ ಮಾತೇ ಅಲ್ಲವೆ? ಇಂಗ್ಲಿಷ್ ಹಾಡುಗಳು, ನಿಜ. ಆದರೆ ಸಿನಿಮಾ ಹಾಡಿನ ಅವಸರ ಇಲ್ಲಿಲ್ಲ. ಗಿಟಾರಿನ ನಾದ ಪದರ ಪದರವಾಗಿ ಕೂಡುತ್ತ ಏರುತ್ತದೆ.

ಈ ಪದರಗಳ ಗುಟ್ಟು ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಅದು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ತಡವಾಗಿ ಬರಬೇಕು. ಹೋಗಿ ಬರುವ ದಾರಿ 34 ಮೀಟರ್, ಅಂದರೆ ಗೋಡೆ 17 ಮೀಟರ್ ದೂರದಲ್ಲಿರಬೇಕು. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನೊಳಗೆ ಹಾಡಿದ ಸ್ವರ ನಿಂತ ಮೇಲೂ ತೇಲುತ್ತದಲ್ಲ, ಅದು ಅನುರಣನ. ಹತ್ತಡಿ ಕೋಣೆಯಲ್ಲಿ ಇದೆಲ್ಲಿ ಸಾಧ್ಯ? ಅದಕ್ಕೇ ಗಿಟಾರಿಗನ ಕಾಲಬುಡದಲ್ಲಿ ‘ಡಿಲೇ ಪೆಡಲ್’ ಎಂಬ ಪುಟ್ಟ ಡಬ್ಬಿ. ನುಡಿಸಿದ್ದನ್ನು ನೆನಪಿಟ್ಟು ತುಸು ತಡವಾಗಿ ಮತ್ತೆ ಹೊರಬಿಡುತ್ತದೆ.

ಮೊದಲು ಈ ಕೆಲಸ ಟೇಪಿನದು. 1973ರಲ್ಲಿ ಇಂಗ್ಲೆಂಡಿನ ಬ್ರಯನ್ ಇನೋ ಮತ್ತು ರಾಬರ್ಟ್ ಫ್ರಿಪ್ ಒಂದೇ ಟೇಪನ್ನು ಎರಡು ರೆಕಾರ್ಡರುಗಳ ಮೂಲಕ ಓಡಿಸಿ ಆಲ್ಬಮ್ ಮಾಡಿದ್ದರು. ಟೇಪು ಸೆಕೆಂಡಿಗೆ 19 ಸೆಂ.ಮೀ. ಸರಿದು, ಯಂತ್ರಗಳ ನಡುವೆ 95 ಸೆಂ.ಮೀ. ಇದ್ದರೆ ತಡ ಎಷ್ಟು? ಐದು ಸೆಕೆಂಡು! 1975ರಲ್ಲಿ ಅಪಘಾತವಾಗಿ ಮಲಗಿದ್ದ ಇನೋಗೆ, ಸಣ್ಣಗೆ ಹಚ್ಚಿದ್ದ ಹಾರ್ಪ್ ಸಂಗೀತ ಮಳೆಯ ಸದ್ದಿನೊಳಗೆ ಬೆರೆತು ಕೇಳಿಸಿತಂತೆ. ಎದ್ದು ದನಿ ಹೆಚ್ಚಿಸಲು ತ್ರಾಣವಿಲ್ಲ. ಹಿನ್ನೆಲೆಯಲ್ಲಿ ಹರಡಿಕೊಳ್ಳುವ ಸಂಗೀತದ ಯೋಚನೆ ಅಲ್ಲಿಂದ ಬೆಳೆದು, ಮುಂದೆ ವಿಮಾನ ನಿಲ್ದಾಣಗಳಿಗೆಂದೇ ಒಂದು ಆಲ್ಬಮ್ ಬಂತು. ನಮಗೇನು ಹೊಸತು ಬಿಡಿ, ತಂಬೂರಿ ಎಷ್ಟು ಕಾಲದಿಂದ ಹಾಡುಗಾರರ ಹಿಂದೆ ಕೂತು ಇದನ್ನೇ ಮಾಡುತ್ತಿಲ್ಲ!

‘ಅನ್ನಕ್ಕೇನು ದಾರಿ?’ ಎಂಬ ಹೆತ್ತವರ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾಗದು. ಲೌಂಜ್ ಪಿರಾನ್ಹಾ ಬಹುಕಾಲ ಉಳಿಯಲಿಲ್ಲ. ಆದರೆ ಅದರ ಡ್ರಮ್ಮರ್ ಜಾರ್ಜ್ ಮ್ಯಾಥೆನ್ ‘ಅಪ್ಪುಪೆನ್’ ಎಂಬ ಹೆಸರಿನಲ್ಲಿ ಚಿತ್ರಕಾದಂಬರಿಕಾರರಾದರು. ಮೊದಲ ಪುಸ್ತಕ ‘ಮೂನ್‌ವರ್ಡ್’ ಬಂದದ್ದು 2009ರಲ್ಲಿ. 2008ರಲ್ಲೇ ಮೊದಲ ಆಲ್ಬಮ್ ತಂದ ಮೈಸೂರಿನ ರಘು ದೀಕ್ಷಿತ್ ಅವರದು ಜಾನಪದ ರಾಕ್, ಬೇರೆಯೇ ಜಾತಿ. ಅವರು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಚಿನ್ನದ ಪದಕ ಪಡೆದವರು. ಗಿಟಾರ್ ಹಿಡಿದ ಕೈ ಪರೀಕ್ಷೆ ಬರೆಯದು ಎನ್ನುವವರು ಇದನ್ನು ಗಮನಿಸಬೇಕು.

ಹೆತ್ತವರು ಹಿಡಿತ ಸಾಧಿಸಬೇಕಾದ್ದು ಸದ್ದಿನ ಮಟ್ಟದ ಮೇಲೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಕಾಲು ಗಂಟೆ ಮಾತ್ರ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಯರ್‌ಫೋನಿಗೂ ಇದೇ ಲೆಕ್ಕ.